‘ಮಧುರಾವಿಜಯ’ದ ಗಂಗಾದೇವಿ: ರಾಜಪತ್ನಿ ಮತ್ತು ಕವಿ

ವಿಜಯನಗರದ ಆರಂಭಕಾಲದ ಇತಿಹಾಸವನ್ನು ಬರೆದವರಲ್ಲಿ ಗಂಗಾದೇವಿಯನ್ನು ಹೆಸರಿಸದವರು ವಿರಳ. ಆಕೆಯನ್ನು ಕವಿಯೆಂದು ಓದಿದವರೂ ವಿರಳವೇ. ಒಂದನೆಯ ಬುಕ್ಕರಾಯನ ಸೊಸೆ, ಕುಮಾರ ಕಂಪಣನ ಪತ್ನಿ ಎಂಬಲ್ಲಿಂದ ಆರಂಭವಾಗುವ ಪರಿಚಯವು ಗಂಡನ ದಂಡಯಾತ್ರೆಯ ಸಾಕ್ಷಿ ಎಂಬಲ್ಲಿಗೆ ಮುಗಿದುಬಿಡುತ್ತದೆ. ಈ ಅಳತೆ ಎಷ್ಟು ಸಮಂಜಸವೆಂಬುದು ಇಲ್ಲಿನ ಪ್ರಶ್ನೆ.

ಕಂಪಣನು ಮುಳುವಾಯಿ, ಅಂದರೆ ಇಂದಿನ ಕೋಲಾರ ಜಿಲ್ಲೆಯ ಮುಳಬಾಗಿಲನ್ನು ಕೇಂದ್ರವಾಗಿಸಿಕೊಂಡು ಆಳಿದವನು. ಶಂಬುವರಾಯರನ್ನು ಮಣಿಸಿ ಕಂಚಿಯ ಪ್ರದೇಶವನ್ನು ವಶಪಡಿಸಿಕೊಂಡು, ಬಳಿಕ ಮಧುರೆಯ ಸುಲ್ತಾನರ ಮೇಲೆ ದಂಡೆತ್ತಿದನು. ಈ ರಾಜಕಾರಣವೇ ‘ವೀರಕಂಪರಾಯಚರಿತ’ವೆಂಬ ಮತ್ತೊಂದು ಹೆಸರುಳ್ಳ ಈ ಸಂಸ್ಕೃತ ಕಾವ್ಯದ ವಸ್ತು. ದಾಂಪತ್ಯವು ಆಕೆಗೆ ವಸ್ತುವನ್ನು ಒದಗಿಸಿತು, ಪಕ್ಷಪಾತವನ್ನೂ ಒದಗಿಸಿತು. ಕಾವ್ಯದಲ್ಲಿ ಕಂಪಣನ ಕತ್ತಿಗೆ ಸುಲ್ತಾನನು ಬಲಿಯಾಗುವುದರೊಂದಿಗೆ ಯುದ್ಧ ಮುಗಿಯುತ್ತದೆ. ಆದರೆ ಕಂಪಣನು ಸುಮಾರು 1374ರಲ್ಲಿ ತೀರಿಕೊಂಡ ಮೇಲೂ ಮಧುರೆಯ ಸುಲ್ತಾನರ ನಾಣ್ಯಗಳು 1377-78ರವರೆಗೆ ದೊರೆಯುತ್ತವೆ. ಆದ್ದರಿಂದ ಕಾವ್ಯವನ್ನು ವರದಿಯೆಂದು ಓದುವುದು ಇತಿಹಾಸಕ್ಕೂ ಕವಿಗೂ ಮಾಡುವ ಅನ್ಯಾಯ. ಮಧುರೆಯ ದುಃಸ್ಥಿತಿಯನ್ನು ನಿವೇದಿಸಿ ಖಡ್ಗವನ್ನು ಒಪ್ಪಿಸುವ ಸ್ತ್ರೀಯ ಪ್ರಸಂಗವು ಶಾಸನದ ಮಾತಲ್ಲ, ಮಹಾಕಾವ್ಯದ ಕಲ್ಪನೆ.

ಹಾಗಾದರೆ ಗಂಗಾದೇವಿ ತನ್ನ ಕುರಿತು ಬಿಟ್ಟುಹೋದ ದಾಖಲೆ ಯಾವುದು? ನನ್ನ ದೃಷ್ಟಿಯಲ್ಲಿ ಅದು ಪ್ರಥಮ ಸರ್ಗದ ಕವಿಸ್ತುತಿ. ಗುರು ಕ್ರಿಯಾಶಕ್ತಿಯನ್ನು ವಂದಿಸಿ, ವಾಲ್ಮೀಕಿ, ವ್ಯಾಸ, ಕಾಳಿದಾಸ, ಬಾಣ, ಭಾರವಿ, ದಂಡಿ, ಭವಭೂತಿಯರನ್ನು ಸ್ಮರಿಸಿ, ತಿಕ್ಕಯ, ಅಗಸ್ತ್ಯ, ಗಂಗಾಧರ, ವಿಶ್ವನಾಥರತ್ತ ಆಕೆ ಬರುತ್ತಾಳೆ. ತನ್ನ ಜ್ಞಾನವು ವಿಶ್ವನಾಥನ ಅನುಗ್ರಹವೆನ್ನುತ್ತಾಳೆ. ಪತಿಯ ವಂಶಾವಳಿಗಿಂತ ಮೊದಲು ತನ್ನ ಕಾವ್ಯವಂಶಾವಳಿಯನ್ನು ಹೇಳಿಕೊಂಡ ರಾಣಿ ಈಕೆ. ಏಳನೆಯ ಸರ್ಗದಲ್ಲಿ ಚಂದ್ರೋದಯವನ್ನು ವರ್ಣಿಸೆಂದು ಕಂಪಣನೇ ಆಕೆಯನ್ನು ಕೇಳುತ್ತಾನೆ. ಗಂಡನ ವಿಜಯದ ಕಥೆಯೊಳಗೆ ಹೆಂಡತಿ ಪ್ರವೇಶಿಸುವುದು ಕವಿಯಾಗಿಯೇ. ಅಲ್ಲಿ ಗೆದ್ದವನು ಕೇಳುಗನಾಗುತ್ತಾನೆ.

ಈ ಕಾವ್ಯದ ಹಸ್ತಪ್ರತಿ ಬೆಳಕಿಗೆ ಬಂದುದು ತಿರುವನಂತಪುರದಲ್ಲಿ, 1916ರಲ್ಲಿ. ಇಂಗ್ಲಿಷ್ ಅನುವಾದಸಹಿತ ಆವೃತ್ತಿಯನ್ನು 1957ರಲ್ಲಿ ಹೊರತಂದುದು ಅಣ್ಣಾಮಲೈ ವಿಶ್ವವಿದ್ಯಾಲಯ. ಕರ್ನಾಟಕದ ರಾಜಮನೆತನದ ಈ ಕವಿಯನ್ನು ಉಳಿಸಿಕೊಟ್ಟದ್ದು ಹೊರನಾಡು ಎಂಬುದು ನಮ್ಮಂಥ ಹೊರನಾಡಿನ ಸಂಶೋಧಕರಿಗೆ ಸಂತೋಷದ ಸಂಗತಿ, ಹೊಣೆಯ ಸಂಗತಿಯೂ ಹೌದು. ಲಭ್ಯ ಪಾಠವು ಅಲ್ಲಲ್ಲಿ ತ್ರುಟಿತವಾಗಿದೆ. ದಕ್ಷಿಣದ ಗ್ರಂಥಭಂಡಾರಗಳಲ್ಲಿ ಶೋಧವನ್ನು ಮುಂದುವರಿಸುವವರು ಕಂಪಣನ ಚರಿತ್ರೆಯನ್ನಷ್ಟೇ ಅಲ್ಲ, ಗಂಗಾದೇವಿಯ ಕಾವ್ಯವನ್ನೂ ಹುಡುಕಬೇಕು.