ಬೈಟು: ಕಾಫಿಯಿಂದ ಮನೆ ನಂಬರಿನವರೆಗೆ

ಬೆಂಗಳೂರಿನ ಬಸವನಗುಡಿ, ಮಲ್ಲೇಶ್ವರ, ಚಾಮರಾಜಪೇಟೆಯ ಹೋಟೆಲುಗಳಲ್ಲಿ ದಿನವೂ ಕಿವಿಗೆ ಬೀಳುವ ‘ಒನ್ ಬೈ ಟು ಕಾಫಿ’ಯ ಪದಗಳೆಲ್ಲ ಇಂಗ್ಲಿಷಿನವೇ, ಬಳಕೆ ಮಾತ್ರ ನಮ್ಮದು. ಒಂದು ಕಾಫಿಯ ಬಿಲ್ಲು, ಎರಡು ಲೋಟ. ಹೈದರಾಬಾದಿನಲ್ಲಿ ಚಹಾಕ್ಕೂ ಹೀಗೇ ಹೇಳುತ್ತಾರೆ. ಮುಂಬಯಿಯ ‘ಕಟಿಂಗ್’ ಬೇರೆ: ಅದು ಒಬ್ಬರೇ ಕುಡಿಯುವ ಸಣ್ಣ ಅಳತೆ. ಬೈಟುವಿಗೆ ಜೊತೆ ಬೇಕು.

ಈ ಮಾತಿನ ಮೂಲ ಶಾಲೆಯ ಭಿನ್ನರಾಶಿಯೆಂದೇ ತೋರುತ್ತದೆ. ಕನ್ನಡ ಮಾಧ್ಯಮದಲ್ಲಿ ‘ಮೂರನೇ ಎರಡು’ ಎಂದು ಛೇದ ಮೊದಲು ಬರುತ್ತದೆ. ‘ಟು ಬೈ ತ್ರೀ’ಯಲ್ಲಿ ಅಂಶ ಮೊದಲು. ಹೋಟೆಲಿಗೆ ಒಪ್ಪುವುದು ಎರಡನೆಯದೇ: ಮೊದಲು ಬಿಲ್ಲಿನ ಲೆಕ್ಕ, ಆಮೇಲೆ ಲೋಟದ ಲೆಕ್ಕ. ಆದರೆ ಗಣಿತ ಇಲ್ಲಿಗೇ ನಿಲ್ಲುತ್ತದೆ. ‘ಟು ಬೈ ಫೋರ್’ ಅನ್ನು ಮೇಷ್ಟ್ರು ‘ಒನ್ ಬೈ ಟು’ಗೆ ಇಳಿಸುತ್ತಾರೆ. ಸಪ್ಲೈಯರ್ ಹಾಗೆ ಇಳಿಸಿದರೆ ಇಬ್ಬರಿಗೆ ಕಾಫಿ ಇಲ್ಲ!

‘ಬೈ’ ಎಲ್ಲೆಡೆಯೂ ಭಾಗಾಕಾರವಲ್ಲ. ‘ತರ್ಟಿ ಬೈ ಫಾರ್ಟಿ ಸೈಟು’ ಎಂದರೆ ಗುಣಾಕಾರ, 1200 ಚದರಡಿ. ಬ್ಲೌಸಿನ ‘ಟು ಬೈ ಟು’ ಬಟ್ಟೆಯಲ್ಲಿ ಅದು ಹಾಸಿಗೂ ಹೊಕ್ಕಿಗೂ ಎರಡೆಳೆ ಹುರಿಯ ನೂಲೆಂಬ ಸೂಚನೆ. ಬಸ್ಸಿನಲ್ಲಿ ಅದೇ ‘ಟು ಬೈ ಟು’ ಎಂದರೆ ಓಡಾಡುವ ದಾರಿಯ ಎರಡೂ ಪಕ್ಕದ ಜೋಡಿ ಸೀಟು. ಮನೆ ನಂಬರಿನದು ಇನ್ನೂ ಸ್ವಾರಸ್ಯ. 1892ರ ಚಾಮರಾಜಪೇಟೆ, 1898ರ ಪ್ಲೇಗಿನ ಆಸುಪಾಸಿನಲ್ಲಿ ಬೆಳೆದ ಬಸವನಗುಡಿ, ಮಲ್ಲೇಶ್ವರ – ಈ ಬಡಾವಣೆಗಳ ಅಗಲದ ನಿವೇಶನಗಳು ಅಣ್ಣತಮ್ಮಂದಿರಲ್ಲಿ ಪಾಲಾದಾಗ 12ನೇ ನಂಬರು ‘12/1’, ‘12/2’ ಆಯಿತು. ಓದುವುದು ‘ಟ್ವೆಲ್ವ್ ಬೈ ಟು’ ಎಂದೇ. ಅದು ಆರಲ್ಲ, ಹನ್ನೆರಡರ ಎರಡನೇ ಪಾಲು. ಕಾಫಿಯ ‘ಟು’ ಎಷ್ಟು ಪಾಲು ಎಂದರೆ, ಮನೆಯ ‘ಟು’ ಎಷ್ಟನೆಯ ಪಾಲು ಎನ್ನುತ್ತದೆ. ಕೇಳುವವರಿಗೆ ಗೊಂದಲವಿಲ್ಲ, ಪಕ್ಕದ ನಾಮಪದವೇ ಅರ್ಥ ಗೊತ್ತುಮಾಡುತ್ತದೆ.

ಇವುಗಳಲ್ಲಿ ಕನ್ನಡದ ಮೈಗೆ ಅಂಟಿಕೊಂಡದ್ದು ಕಾಫಿಯದು ಮಾತ್ರ. ‘ಒನ್’ ಉದುರಿ ‘ಬೈಟು’ ಉಳಿದಿದೆ. ಅದು ಉಕಾರಾಂತ, ಹಾಗಾಗಿ ವಿಭಕ್ತಿಗೆ ತೊಡಕಿಲ್ಲ. ‘ಎರಡು ಬೈಟು ಕೊಡಿ’ ಎಂದರೆ ನಾಲ್ಕು ಲೋಟ. ಅಂದರೆ ಭಿನ್ನರಾಶಿ ನಾಮಪದವಾಗಿ ಎಣಿಕೆಗೆ ಸಿಕ್ಕಿದೆ. ‘ಮಾಡು’ ಸೇರಿದರೆ ಕ್ರಿಯಾಪದ: ‘ಸೂಪು ಬೈಟು ಮಾಡ್ಕೊಳ್ಳೋಣ್ವಾ?’ ಆದರೆ ‘ತರ್ಟಿ ಬೈ ಫಾರ್ಟಿ ಮಾಡೋಣ’ ಎಂದು ಯಾರೂ ಅನ್ನುವುದಿಲ್ಲ.

ಒಂದು ಪದ ನಮ್ಮದಾಯಿತು ಎನ್ನಲು ಇದಕ್ಕಿಂತ ಹೆಚ್ಚಿನ ಪುರಾವೆ ಬೇಕಿಲ್ಲವೆಂದು ನನ್ನ ಅಭಿಪ್ರಾಯ. ಎಂಟು ಸಂಪುಟಗಳ ಕನ್ನಡ ನಿಘಂಟು ಹೊರತಂದ ಸಾಹಿತ್ಯ ಪರಿಷತ್ತು ಇರುವುದು ಚಾಮರಾಜಪೇಟೆಯಲ್ಲೇ. ಮುಂದಿನ ಪರಿಷ್ಕರಣೆಯಲ್ಲಿ ‘ಬೈ’ ಎಂಬ ಬೈಗುಳದ ಧಾತುವಿನ ಜೊತೆಗೆ ‘ಬೈಟು’ವನ್ನೂ ಬೇರೆ ನಮೂದಾಗಿ ಸೇರಿಸಿಕೊಳ್ಳಲಿ.