ಒರಳುಕಲ್ಲಿನಿಂದ ಅಡುಗೆಕಟ್ಟೆಯವರೆಗೆ: ನಮ್ಮ ಗ್ರಾನೈಟ್ ನಡೆದು ಬಂದ ದಾರಿ

ಗಲ್ಫಿನಲ್ಲಿ ದುಡಿಯುವ ನಮ್ಮಲ್ಲಿ ಬಹಳ ಮಂದಿಯ ಕನಸು ಊರಿನಲ್ಲೊಂದು ಸ್ವಂತ ಮನೆ. ಆ ಮನೆಯ ಅಡುಗೆಕಟ್ಟೆಗೆ ಯಾವ ಕಲ್ಲು ಹಾಕಬೇಕೆಂಬುದು ಹೆಚ್ಚಾಗಿ ತೀರ್ಮಾನವಾಗುವುದು ವಾಟ್ಸಾಪ್‌ನಲ್ಲಿ ಬಂದ ಫೋಟೊ ನೋಡಿ. ಫೋಟೊದಲ್ಲಿ ಬಣ್ಣ ಕಾಣುತ್ತದೆ, ಹೊಳಪು ಕಾಣುತ್ತದೆ. ಕಲ್ಲಿನ ಗುಣ ಕಾಣುವುದಿಲ್ಲ. ಗುಣ ತಿಳಿಯಬೇಕಾದರೆ ಆ ಕಲ್ಲಿನ ಚರಿತ್ರೆ ಸ್ವಲ್ಪವಾದರೂ ಗೊತ್ತಿರಬೇಕು. ಅದು ನಮ್ಮ ನೆಲದ ಚರಿತ್ರೆಯೂ ಹೌದು.

ಭೂಮಿಯ ಆಳದಲ್ಲಿ ಕುದಿಯುತ್ತಿದ್ದ ಶಿಲಾರಸ ಬಹಳ ನಿಧಾನವಾಗಿ ತಣಿದು ಹರಳುಗಟ್ಟಿದಾಗ ಗ್ರಾನೈಟ್ ಹುಟ್ಟುತ್ತದೆ. ಅದರಲ್ಲಿ ಬೆಣಚು, ಫೆಲ್ಡ್‌ಸ್ಪಾರ್, ಅಭ್ರಕದ ಕಣಗಳು ಬರಿಗಣ್ಣಿಗೇ ಕಾಣುತ್ತವೆ. ಅದಕ್ಕೇ ಕಾಳು ಎಂಬ ಅರ್ಥದ ಲ್ಯಾಟಿನ್ ಪದದಿಂದ ಅದಕ್ಕೆ ಆ ಹೆಸರು ಬಂತು. ಕನ್ನಡದಲ್ಲಿ ಕಣಶಿಲೆ ಎನ್ನುತ್ತಾರೆ. ಕರ್ನಾಟಕದಲ್ಲಿ ಉತ್ತರ-ದಕ್ಷಿಣವಾಗಿ ಸುಮಾರು 400 ಕಿಲೋಮೀಟರ್ ಉದ್ದಕ್ಕೆ ಹಬ್ಬಿರುವ ಒಂದು ಗ್ರಾನೈಟ್ ಪಟ್ಟಿಗೆ ಭೂವಿಜ್ಞಾನಿಗಳು ಕ್ಲೋಸ್‌ಪೇಟೆ ಗ್ರಾನೈಟ್ ಎಂದು ಹೆಸರಿಟ್ಟಿದ್ದಾರೆ. ಕ್ಲೋಸ್‌ಪೇಟೆ ಎಂದರೆ ಬೇರೆ ಊರಲ್ಲ, ಇಂದಿನ ರಾಮನಗರ. ಟಿಪ್ಪುವಿನ ನಂತರ ಮೈಸೂರಿನಲ್ಲಿ ಬ್ರಿಟಿಷ್ ರೆಸಿಡೆಂಟ್ ಆಗಿದ್ದ ಬ್ಯಾರಿ ಕ್ಲೋಸ್‌ನಿಂದ ಬಂದ ಹೆಸರು ಅದು. 1975ರ ‘ಶೋಲೆ’ ಸಿನಿಮಾದಲ್ಲಿ ಗಬ್ಬರ್ ಸಿಂಗ್ ಓಡಾಡಿದ ಬಂಡೆಗಳು ಇವೇ. ಅವುಗಳ ವಯಸ್ಸು ಸುಮಾರು 250 ಕೋಟಿ ವರ್ಷ.

ಉಳಿ, ಬೆಂಕಿ, ಬೆವರು

ಇಂಥ ಗಟ್ಟಿ ಕಲ್ಲಿನಲ್ಲಿ ಕೆಲಸ ಮಾಡುವುದು ಸುಲಭವಲ್ಲ. ಹೊಯ್ಸಳ ಶಿಲ್ಪಿಗಳು ಬೇಲೂರು, ಹಳೇಬೀಡುಗಳ ಕುಸುರಿಗೆ ಮೃದುವಾದ ಬಳಪದ ಕಲ್ಲನ್ನು ಆರಿಸಿಕೊಂಡರು. ಅದಕ್ಕಿಂತ ಮೊದಲೇ, 10ನೇ ಶತಮಾನದ ಕೊನೆಗೆ, ಚಾವುಂಡರಾಯನ ಕಾಲದಲ್ಲಿ ಶ್ರವಣಬೆಳಗೊಳದ ಗೊಮ್ಮಟ ಮಾತ್ರ ಗ್ರಾನೈಟಿನಲ್ಲೇ ಎದ್ದು ನಿಂತ. ಹಂಪಿಗೆ ಹೋದವರು ಬಂಡೆಗಳ ಮೇಲೆ ಸಾಲಾಗಿ ಕೊರೆದ ಉಳಿಗುಂಡಿಗಳನ್ನು ನೋಡಿರಬಹುದು. ಆ ಗುಂಡಿಗಳಲ್ಲಿ ಬೆಣೆ ಬಡಿದು ಬಂಡೆ ಸೀಳುತ್ತಿದ್ದರು. ಬೆಂಗಳೂರು ಸುತ್ತಮುತ್ತ ಇನ್ನೊಂದು ವಿದ್ಯೆ ಇತ್ತು: ಬಂಡೆಯ ಮೇಲೆ ಸೌದೆ ಉರಿಸಿ, ಬೆಂಕಿಯನ್ನು ಮೆಲ್ಲಗೆ ಮುಂದಕ್ಕೆ ಸರಿಸುತ್ತಾ ಹೋದರೆ ಮೇಲಿನ ಪದರ ಚಪ್ಪಡಿಯಾಗಿ ಬಿಟ್ಟುಕೊಳ್ಳುತ್ತಿತ್ತು. ಕಲ್ಲಿನ ಸದ್ದು ಕೇಳಿಯೇ ಅದು ಬಿಟ್ಟಿದೆಯೋ ಇಲ್ಲವೋ ಹೇಳಬಲ್ಲ ಕೆಲಸಗಾರರಿದ್ದರು. ಈ ಕಸುಬನ್ನು ತಲೆತಲಾಂತರದಿಂದ ನಡೆಸಿಕೊಂಡು ಬಂದವರಲ್ಲಿ ಭೋವಿ ಸಮುದಾಯದವರು ಮುಖ್ಯರು. 1951ರಲ್ಲಿ ಅಡಿಗಲ್ಲು ಬಿದ್ದು 1956ರಲ್ಲಿ ಮುಗಿದ ವಿಧಾನಸೌಧವೂ ಇಂಥ ಕೈಗಳ ಕೆಲಸವೇ.

ಒರಟಿನಿಂದ ನುಣುಪಿಗೆ

ಅಡುಗೆಮನೆಗೆ ಗ್ರಾನೈಟ್ ಹೊಸದಲ್ಲ. ಒರಳು, ಗುಂಡುಕಲ್ಲು, ಬೀಸುವ ಕಲ್ಲು ಇವೆಲ್ಲ ಗಟ್ಟಿ ಕಲ್ಲಿನವೇ. ಆದರೆ ಆಗ ಬೇಕಾಗಿದ್ದದ್ದು ನುಣುಪಲ್ಲ, ಒರಟು. ತಿರುವಿ ತಿರುವಿ ಕಲ್ಲು ನುಣ್ಣಗಾದರೆ ಹಿಟ್ಟು ನುರಿಯದು. ಬೀದಿಯಲ್ಲಿ ಕೂಗಿಕೊಂಡು ಬರುವವರಿಂದ ಕಲ್ಲು ಕುಟ್ಟಿಸಿ ಮತ್ತೆ ಒರಟು ಮಾಡಿಸಬೇಕಿತ್ತು.

ಸೌದೆ ಒಲೆಯ ಕಾಲದಲ್ಲಿ ಅಡುಗೆಯೆಲ್ಲ ನೆಲದ ಮೇಲೆ ಕೂತೇ ನಡೆಯುತ್ತಿತ್ತು. ಸೀಮೆಎಣ್ಣೆ ಸ್ಟೌ ಮತ್ತು ಗ್ಯಾಸ್ ಬಂದ ಮೇಲೆ ಒಲೆ ಸೊಂಟದ ಎತ್ತರಕ್ಕೆ ಏರಿತು. ಅದರ ಜೊತೆ ನಮ್ಮ ತಾಯಂದಿರೂ ಎದ್ದು ನಿಂತರು. ಮೊದಲು ಕಟ್ಟೆಗೆ ಹಾಸಿದ್ದು ಅಗ್ಗಕ್ಕೆ ಸಿಗುತ್ತಿದ್ದ ಕಪ್ಪು ಕಡಪ ಕಲ್ಲು, ಉತ್ತರ ಕರ್ನಾಟಕದ ಕಡೆ ಶಹಾಬಾದ್ ಕಲ್ಲು. ಎರಡೂ ಸುಣ್ಣಕಲ್ಲಿನ ಜಾತಿ. ಗ್ರಾನೈಟನ್ನು ತೆಳುವಾಗಿ ಕೊಯ್ದು ಕನ್ನಡಿಯಂತೆ ಹೊಳಪು ಕೊಡಲು ವಜ್ರದ ಹಲ್ಲಿನ ಯಂತ್ರಗಳು ಬೇಕಾಗಿದ್ದವು. ಅವು ಬಂದ ಮೇಲೆ ಇಳಕಲ್ಲಿನ ಕೆಂಪು, ಚಾಮರಾಜನಗರದ ಕಪ್ಪು ಕಲ್ಲು ಹಡಗೇರಿ ದೇಶ ದೇಶಗಳಿಗೆ ಹೋದವು. ಸೀರೆಗೆ ಹೆಸರಾದ ಇಳಕಲ್ ಹೊರದೇಶದ ವ್ಯಾಪಾರಿಗಳಿಗೆ ಕಲ್ಲಿನ ಊರಾಯಿತು. ಆಮೇಲೆ ಅದೇ ಹೊಳಪು ನಮ್ಮ ಮನೆಗಳ ಕಟ್ಟೆಗೂ ಬಂತು.

ಹೆಸರು ಒಂದು, ಕಲ್ಲು ಹಲವು

ಅಂಗಡಿಯಲ್ಲಿ ಹೊಳಪು ಹಿಡಿಯುವ ಗಟ್ಟಿ ಕಲ್ಲಿಗೆಲ್ಲ ಗ್ರಾನೈಟ್ ಎಂದೇ ಹೆಸರು. ಚಾಮರಾಜನಗರದ ಕಪ್ಪು ಕಲ್ಲು ವಿಜ್ಞಾನದ ಲೆಕ್ಕದಲ್ಲಿ ಡಾಲರೈಟ್. ಆಂಧ್ರದ ಚೀಮಕುರ್ತಿಯ ಬ್ಲ್ಯಾಕ್ ಗ್ಯಾಲಕ್ಸಿ ಕೂಡ ನಿಜವಾದ ಗ್ರಾನೈಟ್ ಅಲ್ಲ. ಕಾಶ್ಮೀರ್ ವೈಟ್ ಬರುವುದು ಕಾಶ್ಮೀರದಿಂದಲ್ಲ, ತಮಿಳುನಾಡಿನಿಂದ. ಇದರಿಂದ ಕೊಳ್ಳುವವರಿಗೆ ನಷ್ಟವೇನೂ ಇಲ್ಲ. ಒಳ್ಳೆಯ ಕಪ್ಪು ಕಲ್ಲು ನೀರನ್ನು ಹೀರುವುದು ಬಹಳ ಕಡಿಮೆ, ಕಲೆಯೂ ಸುಲಭಕ್ಕೆ ಹಿಡಿಯದು. ನಷ್ಟವಾಗುವುದು ಸುಣ್ಣಕಲ್ಲಿಗೋ ಬಣ್ಣ ಬಳಿದ ಕಲ್ಲಿಗೋ ಗ್ರಾನೈಟಿನ ಬೆಲೆ ಕೊಟ್ಟಾಗ.

ಅದಕ್ಕೆ ಮನೆಯವರಿಗೆ ಹೇಳಿ, ಅಂಗಡಿಯಿಂದ ಒಂದು ತುಂಡು ತಂದು ಮೂರು ಪರೀಕ್ಷೆ ಮಾಡಲಿ. ನಿಂಬೆರಸ ಹಾಕಿ ಕೆಲವು ನಿಮಿಷ ಬಿಟ್ಟು ಒರೆಸಿದಾಗ ಹೊಳಪು ಮಾಸಿದರೆ ಅದರಲ್ಲಿ ಸುಣ್ಣದ ಅಂಶವಿದೆ. ಹುಣಸೆ, ಟೊಮೇಟೊ ಬಳಸುವ ನಮ್ಮ ಅಡುಗೆಗೆ ಅದು ಆಗದು. ನೀರು ಚೆಲ್ಲಿ ಹದಿನೈದು ನಿಮಿಷದಲ್ಲಿ ಆ ಜಾಗ ಕಪ್ಪಾದರೆ ಕಲ್ಲು ನೀರು ಹೀರುತ್ತಿದೆ, ಸೀಲರ್ ಹಚ್ಚಿಸಲೇಬೇಕು. ಉಗುರು ಬಣ್ಣ ತೆಗೆಯುವ ಅಸಿಟೋನಿನಲ್ಲಿ ಬಿಳಿ ಬಟ್ಟೆ ಅದ್ದಿ ಉಜ್ಜಿದಾಗ ಬಟ್ಟೆಗೆ ಕಪ್ಪು ಅಂಟಿದರೆ ಕಲ್ಲಿಗೆ ಬಣ್ಣ ಹಾಕಿದ್ದಾರೆ.

ಸಿಂಕಿಗೆ ಕೊರೆದ ಜಾಗದ ಹಿಂದೆ ಮುಂದೆ ಉಳಿಯುವ ಕಿರಿದಾದ ಪಟ್ಟಿ ಕಲ್ಲಿನ ಅತಿ ದುರ್ಬಲ ಭಾಗ. ಅದರ ಅಡಿಗೆ ಆಸರೆ ಇರಲಿ. ಕಟ್ಟೆ ಹತ್ತಿ ಅಲ್ಲಿ ಯಾರೂ ನಿಲ್ಲಬಾರದು.

ಆರೈಕೆ ಕಷ್ಟದ್ದಲ್ಲ. ಮೆದು ಬಟ್ಟೆ, ಸ್ವಲ್ಪ ಪಾತ್ರೆ ತೊಳೆಯುವ ದ್ರವ, ಬೆಚ್ಚಗಿನ ನೀರು ಸಾಕು. ಆಸಿಡ್, ವಿನೆಗರ್, ಬ್ಲೀಚ್ ಬೇಡ. ಗ್ರಾನೈಟ್ ಬಿಸಿ ತಡೆಯುತ್ತದೆ ನಿಜ. ಆದರೂ ಉರಿಯಿಂದ ಇಳಿಸಿದ ಬಾಣಲೆಯನ್ನು ನೇರವಾಗಿ ಇಡದೆ ಕೆಳಗೊಂದು ಹಲಗೆ ಹಾಕುವುದು ಒಳ್ಳೆಯದು, ಒಂದೇ ಕಡೆ ಒಮ್ಮೆಲೇ ಕಾದರೆ ಬಿರುಕು ಬಿಡಬಹುದು. ಎಣ್ಣೆ ಇಳಿದು ಕಲೆಯಾಗಿದ್ದರೆ ಅಡುಗೆ ಸೋಡಾವನ್ನು ನೀರಿನಲ್ಲಿ ಗಟ್ಟಿಯಾಗಿ ಕಲಸಿ ಮೆತ್ತಿ, ಮೇಲೆ ಪ್ಲಾಸ್ಟಿಕ್ ಮುಚ್ಚಿ ಒಂದು ದಿನ ಬಿಟ್ಟು ತೆಗೆಯಿರಿ. ಒಂದೇ ಸಲಕ್ಕೆ ಹೋಗದಿದ್ದರೆ ಮತ್ತೆ ಮಾಡಿ.

ಧೂಳಿನ ಲೆಕ್ಕ

ಈ ಚರಿತ್ರೆಯ ಇನ್ನೊಂದು ಭಾಗ ಕಲ್ಲು ಕೊಯ್ಯುವವರ ಎದೆಯೊಳಗಿದೆ. ಗ್ರಾನೈಟನ್ನು ಒಣದಾಗಿ ಕತ್ತರಿಸಿದಾಗ ಏಳುವ ಸಿಲಿಕಾ ಧೂಳು ಶ್ವಾಸಕೋಶ ಸೇರಿ ಸಿಲಿಕೋಸಿಸ್ ತರುತ್ತದೆ. ಅದನ್ನು ವಾಸಿ ಮಾಡುವ ಔಷಧ ಇಲ್ಲ. ಬೆಣಚಿನ ಪುಡಿಗೆ ರಾಳ ಬೆರೆಸಿ ಕಾರ್ಖಾನೆಯಲ್ಲಿ ಮಾಡುವ ಕ್ವಾರ್ಟ್ಜ್ ಕಟ್ಟೆಗಳಲ್ಲಿ ಸಿಲಿಕಾ ಗ್ರಾನೈಟಿಗಿಂತಲೂ ಬಹಳ ಹೆಚ್ಚು. ಈ ಕಾರಣಕ್ಕೇ ಆಸ್ಟ್ರೇಲಿಯಾ 2024ರ ಜುಲೈ 1ರಿಂದ ಅಂಥ ಕಲ್ಲನ್ನು ನಿಷೇಧಿಸಿತು. ಗಲ್ಫಿನ ಮಾರ್ಬಲ್ ಅಂಗಡಿಗಳಲ್ಲಿ, ಫಿಟ್ಟಿಂಗ್ ಕೆಲಸದಲ್ಲಿ ಇರುವ ಗೆಳೆಯರು ಇದನ್ನು ಹಗುರವಾಗಿ ತೆಗೆದುಕೊಳ್ಳಬಾರದು. ನೀರು ಬಿಟ್ಟೇ ಕತ್ತರಿಸಬೇಕು. ಬಟ್ಟೆ ಕಟ್ಟಿಕೊಂಡರೆ ಸಾಲದು, ಧೂಳು ತಡೆಯುವ ಸರಿಯಾದ ಮಾಸ್ಕ್ ಬೇಕು. ಧೂಳಿನ ಬಟ್ಟೆಯಲ್ಲಿ ರೂಮಿಗೆ ಬರಬಾರದು. ಕೆಮ್ಮು, ಏದುಸಿರು ಇದ್ದರೆ ವೈದ್ಯರಿಗೆ ನಿಮ್ಮ ಕೆಲಸ ಏನೆಂದು ಮೊದಲು ಹೇಳಿ.

ಊರಿನಲ್ಲಿ ಮನೆ ಕಟ್ಟಿಸುತ್ತಿರುವವರು ಮೇಸ್ತ್ರಿಗೆ ಕಲ್ಲಿನ ಬಣ್ಣ ಹೇಳುವ ಫೋನಿನಲ್ಲೇ ಇನ್ನೆರಡು ಮಾತು ಸೇರಿಸಿ: ನೀರು ಹಾಕಿ ಕೊಯ್ಯಿಸಿ, ಮೆಷಿನ್ ಹಿಡಿಯುವ ಹುಡುಗನಿಗೆ ಮಾಸ್ಕ್ ಕೊಡಿಸಿ, ಅದರ ದುಡ್ಡು ನಾನು ಕಳಿಸುತ್ತೇನೆ.