ಗುರು ಒಬ್ಬರು, ಪರೀಕ್ಷಕರು ಇನ್ನೊಬ್ಬರು

ಯಾರಾದರೂ ವಾದ್ಯ ನುಡಿಸುತ್ತಾರೆಂದು ಗೊತ್ತಾದರೆ ನಮ್ಮಲ್ಲಿ ಮೊದಲು ಕೇಳುವ ಪ್ರಶ್ನೆ, 'ಯಾರ ಹತ್ತಿರ ಕಲಿತಿರಿ?' ಏನು ನುಡಿಸುತ್ತೀರಿ, ಹೇಗೆ ನುಡಿಸುತ್ತೀರಿ ಎಂಬುದೆಲ್ಲ ಆಮೇಲಿನ ಮಾತು. ಆ ಪ್ರಶ್ನೆಯಲ್ಲಿ ತಪ್ಪೇನೂ ಇಲ್ಲ. ಮಲ್ಲಿಕಾರ್ಜುನ ಮನ್ಸೂರರು ನೀಲಕಂಠಬುವಾ ಅವರ ಬಳಿ ಕಲಿತರು, ನೀಲಕಂಠಬುವಾ ಬಾಲಕೃಷ್ಣಬುವಾ ಇಚಲಕರಂಜೀಕರರ ಶಿಷ್ಯರು ಎಂದು ಹೇಳಿದರೆ ಸಾಕು, ಗ್ವಾಲಿಯರ್ ಘರಾಣೆ ಮಿರಜಿನ ಮೂಲಕ ಧಾರವಾಡಕ್ಕೆ ನಡೆದು ಬಂದ ದಾರಿ ಕಣ್ಣೆದುರು ಬರುತ್ತದೆ. ಸಂಗೀತದಲ್ಲಿ ಗುರುವಿನ ಹೆಸರು ಊರು-ಕೇರಿಯ ವಿಳಾಸವಿದ್ದಂತೆ. ಹಾಗಾದರೆ ವಿಳಾಸವಿಲ್ಲದವರು ಏನು ಮಾಡಬೇಕು?

ನಾನು ಅಂಥವಳು. ನಮ್ಮ ಊರಿನಲ್ಲಿ ಪಿಯಾನೊ ಕಲಿಸುವವರು ಇರಲಿಲ್ಲ. ಒಂದು ಹಳೆಯ ಕೀಬೋರ್ಡು, ನಾಲ್ಕು ಪುಸ್ತಕ, ಕೇಳಲು ಒಂದಿಷ್ಟು ಧ್ವನಿಮುದ್ರಣ ಇಟ್ಟುಕೊಂಡು ಹನ್ನೊಂದು ವರ್ಷ ಮನೆಯಲ್ಲೇ ಕಲಿತೆ. ಆಮೇಲೆ ಬೆಂಗಳೂರಿಗೆ ಹೋಗಿ, ಲಂಡನ್ನಿನ 'ಅಸೋಸಿಯೇಟೆಡ್ ಬೋರ್ಡ್' ನಡೆಸುವ ಗ್ರೇಡ್ ಪರೀಕ್ಷೆಗೆ ಕಟ್ಟಿದೆ. ಕಟ್ಟುವಾಗ ನನಗೆ ಆಶ್ಚರ್ಯವಾದದ್ದು ಒಂದೇ: ಯಾರ ಹತ್ತಿರ ಕಲಿತೆ ಎಂದು ಯಾರೂ ಕೇಳಲಿಲ್ಲ. ಕಲಿಸಿದವರ ಹೆಸರಿಲ್ಲದೆ ಕಲಿತದ್ದನ್ನು ಅಳೆಯಬಹುದು ಎಂಬ ಈ ಯೋಚನೆ ಎಲ್ಲಿಂದ ಬಂತು ಎಂದು ಹುಡುಕಿಕೊಂಡು ಹೋದಾಗ ಸಿಕ್ಕ ಕಥೆ ಸಂಗೀತಕ್ಕಿಂತ ದೊಡ್ಡದಾಗಿತ್ತು.

ಆ ಕಥೆ ವಿಶ್ವವಿದ್ಯಾಲಯದಿಂದ ಶುರುವಾಗುತ್ತದೆ. 1836ರಲ್ಲಿ ಸನ್ನದು ಪಡೆದ ಲಂಡನ್ ವಿಶ್ವವಿದ್ಯಾಲಯ ತಾನೇ ಪಾಠ ಹೇಳುತ್ತಿರಲಿಲ್ಲ. ಪಾಠ ಕಾಲೇಜುಗಳದ್ದು, ಪರೀಕ್ಷೆ ಮತ್ತು ಪದವಿ ವಿಶ್ವವಿದ್ಯಾಲಯದ್ದು. 1858ರಲ್ಲಿ ಅದು ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ಯಾವ ಕಾಲೇಜಿನಲ್ಲೂ ಓದದವರು ಕೂಡ ಪರೀಕ್ಷೆಗೆ ಕೂರಬಹುದು ಎಂದಿತು. 1857ರಲ್ಲಿ ಕಲ್ಕತ್ತ, ಮುಂಬಯಿ, ಮದರಾಸುಗಳಲ್ಲಿ ಹುಟ್ಟಿದ ನಮ್ಮ ಮೊದಲ ಮೂರು ವಿಶ್ವವಿದ್ಯಾಲಯಗಳಿಗೂ ಲಂಡನ್ನೇ ಮಾದರಿ. 'ಎಕ್ಸ್‌ಟರ್ನಲ್ ಕಟ್ಟಿದ್ದಾನೆ' ಎಂದು ನಮ್ಮ ಮನೆಗಳಲ್ಲಿ ಇವತ್ತಿಗೂ ಹೇಳುತ್ತೇವಲ್ಲ, ಆ ಮಾತಿನ ಬೇರು ಇಲ್ಲಿದೆ. ಕಲಿಸುವವರು ಒಬ್ಬರು, ಅಳೆಯುವವರು ಇನ್ನೊಬ್ಬರು ಎಂಬ ವಿಂಗಡಣೆ ಹತ್ತೊಂಬತ್ತನೆಯ ಶತಮಾನ ಶಿಕ್ಷಣಕ್ಕೆ ಕೊಟ್ಟ ದೊಡ್ಡ ಬದಲಾವಣೆಗಳಲ್ಲಿ ಒಂದು.

ಅದೇ ಕಾಲದ ಇಂಗ್ಲೆಂಡಿನಲ್ಲಿ ಸಂಗೀತವೂ ಜನಸಾಮಾನ್ಯರ ಕಡೆಗೆ ಬರುತ್ತಿತ್ತು. 1841ರಲ್ಲಿ ಹಲ್ ಎಂಬ ಊರಿನಲ್ಲಿ ಸೇರಿದ್ದ ಭಾನುವಾರದ ಶಾಲೆಯ ಶಿಕ್ಷಕರು ಜಾನ್ ಕರ್ವೆನ್ ಎಂಬ ಪಾದ್ರಿಗೆ ಒಂದು ಕೆಲಸ ಒಪ್ಪಿಸಿದರು: ಹಾಡುವುದನ್ನು ಎಲ್ಲರಿಗೂ ಕಲಿಸುವ ಸುಲಭ ದಾರಿ ಹುಡುಕಬೇಕು. ಕರ್ವೆನ್ ಸಂಗೀತಗಾರನಾಗಿರಲಿಲ್ಲ. ನಾರ್ವಿಚ್‌ನ ಸಾರಾ ಗ್ಲೋವರ್ ಎಂಬಾಕೆ ರೂಪಿಸಿದ್ದ ಅಕ್ಷರ ಸ್ವರಲಿಪಿಯನ್ನು ಹಿಡಿದು, ಸ್ವರ ಓದುವುದನ್ನು ಮೊದಲು ತಾನು ಕಲಿತು, ಆಮೇಲೆ ಅದನ್ನು 'ಟಾನಿಕ್ ಸೋಲ್-ಫಾ' ಪದ್ಧತಿಯಾಗಿ ಬೆಳೆಸಿದ. ನಮ್ಮ ಸರಿಗಮದ ಹಾಗೆ ಅದರಲ್ಲೂ ಸ್ವರಗಳಿಗೆ ಅಕ್ಷರಗಳೇ ಗುರುತು. ಗಿರಣಿ ಕೆಲಸಗಾರರು, ಅಂಗಡಿಯ ಹುಡುಗರು ಅದನ್ನು ಕಲಿತರು. ಕಲಿತದ್ದಕ್ಕೆ ಹಂತಹಂತದ ಪ್ರಮಾಣಪತ್ರಗಳೂ ಬಂದವು.

ಇಷ್ಟರಲ್ಲಿ ಮಧ್ಯಮವರ್ಗದ ಮನೆಗಳ ಪಡಸಾಲೆಗೆ ಪಿಯಾನೊ ಬಂದಿತ್ತು. ಕಂತಿನಲ್ಲಿ ಕೊಳ್ಳಬಹುದಿತ್ತು. ಕಲಿಸುವವರಿಗೆ ಯಾವ ಪರವಾನಗಿಯೂ ಬೇಕಿರಲಿಲ್ಲ, ಬಾಗಿಲಿಗೆ ಒಂದು ಫಲಕ ತೂಗುಹಾಕಿದರೆ ಮುಗಿಯಿತು. ಮಗಳಿಗೆ ಪಾಠ ಹೇಳಿಸುವ ತಂದೆತಾಯಿಗೆ ಮೇಷ್ಟ್ರು ಗಟ್ಟಿಯೋ ಜೊಳ್ಳೋ ತಿಳಿಯುವ ಬಗೆ ಇರಲಿಲ್ಲ. 1872ರಲ್ಲಿ ಹುಟ್ಟಿದ ಟ್ರಿನಿಟಿ ಕಾಲೇಜು 1877ರಲ್ಲಿ ಹೊರಗಿನವರಿಗೂ ಪರೀಕ್ಷೆ ನಡೆಸಲು ತೊಡಗಿತು. 1889ರಲ್ಲಿ ರಾಯಲ್ ಅಕಾಡೆಮಿ ಮತ್ತು ರಾಯಲ್ ಕಾಲೇಜುಗಳು ಸೇರಿ ಅಸೋಸಿಯೇಟೆಡ್ ಬೋರ್ಡನ್ನು ಕಟ್ಟಿದವು. ಅಕಾಡೆಮಿಯ ಮುಖ್ಯಸ್ಥ ಅಲೆಕ್ಸಾಂಡರ್ ಮೆಕೆಂಜಿ, ಕಾಲೇಜಿನ ಮುಖ್ಯಸ್ಥ ಜಾರ್ಜ್ ಗ್ರೋವ್ ಇಬ್ಬರೂ ಇದರ ಹಿಂದಿದ್ದರು. ಪರೀಕ್ಷೆಗೆ ಕೂತವರಲ್ಲಿ ಹುಡುಗಿಯರೇ ಹೆಚ್ಚು. ಅವರಲ್ಲಿ ಎಷ್ಟೋ ಮಂದಿಗೆ ಆ ಕಾಗದವೇ ಮುಂದೆ ಪಾಠ ಹೇಳಿ ಸ್ವಂತವಾಗಿ ಬದುಕಲು ಆಧಾರವಾಯಿತು. ಶತಮಾನ ಮುಗಿಯುವ ಮೊದಲೇ ಈ ಪರೀಕ್ಷೆಗಳು ಹಡಗು ಹತ್ತಿ ವಸಾಹತುಗಳಿಗೂ ಹೋದವು.

ನೇರವಾಗಿ ಹೇಳಬೇಕೆಂದರೆ, ಇದನ್ನು ಯಾರೂ ನನ್ನಂಥವರಿಗಾಗಿ ಕಟ್ಟಲಿಲ್ಲ. ಶಿಷ್ಯರನ್ನು ಅಳೆಯುವ ನೆಪದಲ್ಲಿ ಮೇಷ್ಟ್ರನ್ನು ಅಳೆಯುವುದು ಅದರ ಉದ್ದೇಶವಾಗಿತ್ತು. ಅದಕ್ಕಾಗಿ ಪರೀಕ್ಷಕನನ್ನು ಗುರುವಿನಿಂದ ಬೇರೆ ಮಾಡಿದರು. ಹಾಗೆ ಮಾಡಿದಾಗ ತೆರೆದುಕೊಂಡ ಬಾಗಿಲಿನಲ್ಲಿ ಗುರುವಿಲ್ಲದವರೂ ಒಳಗೆ ಬಂದರು.

ಸ್ವಂತವಾಗಿ ಕಲಿತೆ ಎಂದರೆ ಸಾಕು, ಕೇಳಿದವರು 'ಓ, ಏಕಲವ್ಯ!' ಎನ್ನುತ್ತಾರೆ. ಪ್ರೀತಿಯಿಂದಲೇ ಹೇಳುತ್ತಾರೆ. ಆದರೆ ಆ ಕಥೆಯನ್ನು ಪರೀಕ್ಷೆಯ ಕಡೆಯಿಂದ ನೋಡಿದರೆ ಬೇರೆಯೇ ಕಾಣುತ್ತದೆ. ಏಕಲವ್ಯನಿಗೆ ವಿದ್ಯೆ ಕಡಿಮೆಯಾಗಿರಲಿಲ್ಲ. ಬೊಗಳುವ ನಾಯಿಯ ಬಾಯನ್ನು ಬಾಣಗಳಿಂದ ತುಂಬಿದ ಅವನ ಕೈಚಳಕವನ್ನು ಪಾಂಡವರೇ ಕಣ್ಣಾರೆ ಕಂಡಿದ್ದರು. ಅವನಿಗೆ ಸಿಗದೆ ಹೋದದ್ದು ನಿಷ್ಪಕ್ಷಪಾತಿಯಾದ ಒಬ್ಬ ಪರೀಕ್ಷಕ. ಅವನನ್ನು ಅಳೆಯಲು ಬಂದ ದ್ರೋಣನೇ ಅರ್ಜುನನ ಗುರು. ನಿನಗೆ ಸಮನಾದವನು ಇನ್ನೊಬ್ಬನಿರುವುದಿಲ್ಲ ಎಂದು ಅರ್ಜುನನಿಗೆ ಮಾತು ಕೊಟ್ಟಿದ್ದವನೂ ಅವನೇ. ಒಬ್ಬರೇ ಗುರುವೂ ಪರೀಕ್ಷಕರೂ ಆದಾಗ ಹೊರಗಿನವನ ಹೆಬ್ಬೆರಳಿಗೆ ಭದ್ರತೆ ಇರುವುದಿಲ್ಲ.

ನಮ್ಮ ದೇಶದ ಸಂಗೀತಕ್ಕೆ ಈ ವಿಂಗಡಣೆಯನ್ನು ತಂದವರಲ್ಲಿ ವಿಷ್ಣು ದಿಗಂಬರ ಪಲುಸ್ಕರ್ ಮುಖ್ಯರು. ಅವರು ಕಲಿತದ್ದು ಮಿರಜಿನಲ್ಲಿ, ಮೇಲೆ ಹೇಳಿದ ಅದೇ ಬಾಲಕೃಷ್ಣಬುವಾ ಅವರ ಬಳಿ, ಶುದ್ಧ ಗುರುಕುಲ ಪದ್ಧತಿಯಲ್ಲಿ. ಆದರೆ 1901ರ ಮೇ 5ರಂದು ಲಾಹೋರಿನಲ್ಲಿ ಅವರು ಶುರುಮಾಡಿದ ಗಾಂಧರ್ವ ಮಹಾವಿದ್ಯಾಲಯದಲ್ಲಿ ತರಗತಿ, ಪಠ್ಯಕ್ರಮ, ಸ್ವರಲಿಪಿ, ಅಚ್ಚಾದ ಪುಸ್ತಕ, ಪರೀಕ್ಷೆ ಎಲ್ಲ ಇದ್ದವು. ರಾಜರ ಆಶ್ರಯವನ್ನು ನೆಚ್ಚಿಕೊಳ್ಳದೆ ಕಚೇರಿಗಳ ಹಣ ಮತ್ತು ಸಾರ್ವಜನಿಕರ ದೇಣಿಗೆಯಿಂದ ಶಾಲೆ ನಡೆಸಿದರು. 1931ರಲ್ಲಿ ಅವರು ತೀರಿಕೊಂಡ ಮೇಲೆ ಶಿಷ್ಯರು ಕಟ್ಟಿದ ಗಾಂಧರ್ವ ಮಹಾವಿದ್ಯಾಲಯ ಮಂಡಲ ಆ ಪರೀಕ್ಷೆಗಳನ್ನು ಊರೂರಿಗೆ ಒಯ್ಯಿತು. ಪ್ರವೇಶಿಕಾ, ಮಧ್ಯಮಾ, ವಿಶಾರದ, ಅಲಂಕಾರ ಎಂಬ ಮಾತುಗಳು ಉತ್ತರ ಕರ್ನಾಟಕದ ಎಷ್ಟೋ ಮನೆಗಳಲ್ಲಿ ಎಸ್ಸೆಸ್ಸೆಲ್ಸಿ, ಪಿಯುಸಿಯಷ್ಟೇ ಪರಿಚಿತ.

ಹಳೆಯ ಮೈಸೂರಿನ ಕಡೆ ಜೂನಿಯರ್, ಸೀನಿಯರ್, ವಿದ್ವತ್ ಎಂಬ ಮೆಟ್ಟಿಲುಗಳು. ರಾಜ್ಯದ ಪ್ರೌಢ ಶಿಕ್ಷಣ ಪರೀಕ್ಷಾ ಮಂಡಳಿ ಇವನ್ನು ದಶಕಗಳ ಕಾಲ ನಡೆಸಿತು. ಇಲ್ಲಿ ಗಮನಿಸಬೇಕಾದ ಒಂದು ಪದವಿದೆ. 'ವಿದ್ವಾನ್' ಎಂಬುದು ಒಂದು ಕಾಲಕ್ಕೆ ಅರಮನೆ ಕೊಡುತ್ತಿದ್ದ ಗೌರವ. ಮೈಸೂರು ವಾಸುದೇವಾಚಾರ್ಯರೂ ಚೌಡಯ್ಯನವರೂ ಆಸ್ಥಾನ ವಿದ್ವಾಂಸರು. ಈಗ ಪರೀಕ್ಷೆಯಲ್ಲಿ ತೇರ್ಗಡೆಯಾದ ಶಾಲಾ ಮೇಷ್ಟರೂ, ಬ್ಯಾಂಕಿನ ಉದ್ಯೋಗಿಯೂ ತಮ್ಮ ಹೆಸರಿನ ಹಿಂದೆ ಅದನ್ನು ಬರೆದುಕೊಳ್ಳಬಹುದು. ಅದರಿಂದ ಪದದ ತೂಕ ಇಳಿಯಿತು ಎಂದು ಗೊಣಗುವವರಿದ್ದಾರೆ. ಇಳಿದಿರಬಹುದು. ಆದರೆ ದೊರೆಯ ಕಣ್ಣಿಗೆ ಬೀಳಬೇಕಾದ ಅಗತ್ಯವೂ ಅದರ ಜೊತೆಗೇ ಹೋಯಿತು.

ದೊರೆಗೇ ಪರೀಕ್ಷೆ ಬೇಕಾದ ಉದಾಹರಣೆಯೂ ನಮ್ಮಲ್ಲೇ ಇದೆ. ಜಯಚಾಮರಾಜ ಒಡೆಯರು ಪಿಯಾನೊ ವಾದಕರಾಗುವ ಕನಸು ಕಂಡಿದ್ದವರು. 1940ರಲ್ಲಿ ತಂದೆಯೂ ದೊಡ್ಡಪ್ಪ ನಾಲ್ವಡಿ ಕೃಷ್ಣರಾಜ ಒಡೆಯರೂ ತೀರಿಕೊಂಡು ಸಿಂಹಾಸನ ಏರಬೇಕಾಗಿ ಬಂತು. ಆದರೂ ಅವರು ಲಂಡನ್ನಿನ ಗಿಲ್ಡ್‌ಹಾಲ್ ಸಂಗೀತ ಶಾಲೆಯ ಲೈಸೆನ್ಶಿಯೇಟ್ ಆದರು. 1945ರಲ್ಲಿ ಟ್ರಿನಿಟಿ ಕಾಲೇಜು ಅವರಿಗೆ ಗೌರವ ಫೆಲೋಶಿಪ್ ಕೊಟ್ಟಿತು. ಅವರಿಗೆ ಗುರುಗಳಿಗೇನೂ ಕೊರತೆ ಇರಲಿಲ್ಲ. ಪದವಿಯಿಂದ ಆಗಬೇಕಾದ ಲಾಭವೂ ಇರಲಿಲ್ಲ. ನನಗೆ ಅನ್ನಿಸುವುದು ಇಷ್ಟು: ಅರಮನೆಯಲ್ಲಿ ಮಹಾರಾಜರ ನುಡಿಸಾಣಿಕೆ ಚೆನ್ನಾಗಿಲ್ಲ ಎಂದು ಹೇಳುವವರು ಯಾರು? ಹೊಗಳಿಕೆಯೇ ತುಂಬಿದ ಕಡೆ ಬೇಕಾಗುವುದೂ, ಯಾರೂ ಕೇಳಿಸಿಕೊಳ್ಳದ ಕಡೆ ಬೇಕಾಗುವುದೂ ಒಂದೇ. ನಮ್ಮ ಹಂಗಿಲ್ಲದ ಒಂದು ಕಿವಿ.

ಈಗ ಆ ಪರೀಕ್ಷೆ ಹೇಗಿರುತ್ತದೆ ಎಂಬುದಕ್ಕೆ ಬರುತ್ತೇನೆ. ನಾನು ಬರೆದದ್ದು ಐದನೆಯ ಗ್ರೇಡು. ಒಟ್ಟು 150 ಅಂಕ, ತೇರ್ಗಡೆಗೆ 100. ಮೂರು ಕೃತಿಗಳಿಗೆ ತಲಾ 30ರಂತೆ 90. ಉಳಿದ 60ರಲ್ಲಿ ಸ್ಕೇಲ್ ಮುಂತಾದ ಬೆರಳ ಅಭ್ಯಾಸಕ್ಕೆ 21, ಹಿಂದೆ ಕಂಡಿರದ ಸ್ವರಲಿಪಿಯನ್ನು ಅರ್ಧ ನಿಮಿಷ ನೋಡಿ ನುಡಿಸುವುದಕ್ಕೆ 21, ಕಿವಿಯ ಪರೀಕ್ಷೆಗೆ 18. ಈ ಲೆಕ್ಕದಲ್ಲಿ ಒಂದು ಜಾಣತನವಿದೆ. ಮೂರೂ ಕೃತಿಗಳಲ್ಲಿ ಪೂರ್ತಿ ಅಂಕ ಬಂದರೂ ಇನ್ನೂ ಹತ್ತು ಬೇಕು. ಸ್ವಂತವಾಗಿ ಕಲಿಯುವವರು ಸಹಜವಾಗಿ ತಮಗೆ ಇಷ್ಟವಾದ ಕೃತಿಗಳ ಹಿಂದೆ ಹೋಗುತ್ತಾರೆ. ಸರಳೆವರಸೆಯಂಥ ಬೇಸರದ ಕೆಲಸವನ್ನು ಮಾಡಿಸಲು ಎದುರಿಗೆ ಮೇಷ್ಟ್ರು ಇರುವುದಿಲ್ಲ. ಇಲ್ಲಿ ಅಂಕದ ಪಟ್ಟಿಯೇ ಮೇಷ್ಟ್ರಾಗಿ ಅದನ್ನು ಮಾಡಿಸುತ್ತದೆ. ನನ್ನ ಒಂದೂವರೆ ವರ್ಷ ಹೆಚ್ಚಾಗಿ ಹೋದದ್ದು ಆ 60 ಅಂಕಗಳಿಗೇ.

ಪರೀಕ್ಷೆ ಸುಮಾರು ಹದಿನೈದು ನಿಮಿಷ. ಕೋಣೆಯಲ್ಲಿ ಪಿಯಾನೊ, ಪರೀಕ್ಷಕರು, ಅಭ್ಯರ್ಥಿ, ಇಷ್ಟೇ. ಬೇರೆ ಮಕ್ಕಳ ಮೇಷ್ಟ್ರುಗಳು ಹೊರಗೆ ಬೆಂಚಿನ ಮೇಲೆ ಕೂತಿದ್ದರು. ಒಳಗೆ ಹೋದ ಮೇಲೆ ಎಲ್ಲರೂ ನನ್ನಂತೆಯೇ ಒಂಟಿ.

ನನಗೆ 118 ಅಂಕ ಬಂತು. ಮೆರಿಟ್‌ಗೆ ಎರಡು ಕಡಿಮೆ. ಆದರೆ ನಾನು ಮತ್ತೆ ಮತ್ತೆ ಓದಿದ್ದು ಅಂಕವನ್ನಲ್ಲ, ಪಕ್ಕದ ಷರಾವನ್ನು. ಎಡಗೈ ಭಾರವಾಗಿ ಬೀಳುತ್ತದೆ, ಅದರ ಕೆಳಗೆ ಬಲಗೈಯ ಹಾಡು ಮುಚ್ಚಿಹೋಗುತ್ತದೆ ಎಂಬ ಅರ್ಥದ ಎರಡು ಸಾಲು ಅಲ್ಲಿತ್ತು. ಕೀಬೋರ್ಡಿನ ಹಗುರವಾದ ಕೀಲಿಗಳ ಮೇಲೆ ಬೆಳೆದ ಕೈಗೆ ಪಿಯಾನೊದ ತೂಕ ಗೊತ್ತಿರುವುದಿಲ್ಲ. ಮನೆಯವರೂ ಗೆಳೆಯರೂ 'ಚೆನ್ನಾಗಿ ನುಡಿಸುತ್ತೀಯ' ಎನ್ನುತ್ತಿದ್ದರು. ಹನ್ನೊಂದು ವರ್ಷದಲ್ಲಿ ಗೊತ್ತಿದ್ದವರೊಬ್ಬರು ಕೂತು ಕೇಳಿದ್ದು ಅದೇ ಮೊದಲು.

ಪರೀಕ್ಷೆಯ ಮಿತಿಯೂ ಅದೇ ಎರಡು ಸಾಲಿನಲ್ಲಿದೆ. ಎಡಗೈ ಭಾರ ಎಂದು ಅದು ಹೇಳಿತು, ಹಗುರ ಮಾಡುವುದು ಹೇಗೆಂದು ಹೇಳಲಿಲ್ಲ. ಗುರುವಾಗಿದ್ದರೆ ಮಣಿಕಟ್ಟನ್ನು ಹಿಡಿದು ತೋರಿಸುತ್ತಿದ್ದರು. ಪರೀಕ್ಷಕರು ಅಳೆದು, ಮುಂದಿನ ಊರಿಗೆ ಹೋಗುತ್ತಾರೆ. ಗುರುವಿನಿಂದ ಪರೀಕ್ಷಕರನ್ನು ಬೇರೆ ಮಾಡಿದ್ದಕ್ಕೆ ತೆತ್ತ ಬೆಲೆ ಇದು. ಇನ್ನೊಂದು ಮಿತಿಯೂ ಇದೆ. ಕೊಳಲಿನ ಮಾಲಿ, ಅಂದರೆ ಟಿ. ಆರ್. ಮಹಾಲಿಂಗಂ, ಬಹುಪಾಲು ಕೇಳಿ ಕೇಳಿ ಕಲಿತವರು. ಏಳರ ವಯಸ್ಸಿನಲ್ಲೇ ವೇದಿಕೆ ಏರಿದರು. ಆಗ ರೂಢಿಯಲ್ಲಿದ್ದ ಬೆರಳಿಡುವ ಕ್ರಮವನ್ನು ಬಿಟ್ಟು ತಮ್ಮದೇ ಕ್ರಮದಿಂದ ಕೊಳಲಿಗೆ ಹಾಡಿನ ಗಮಕ ತಂದರು. ರೂಢಿಯ ಕ್ರಮಕ್ಕೆ ಅಂಕ ಕೊಡುವ ಪಟ್ಟಿಯಲ್ಲಿ ಆ ಹುಡುಗನಿಗೆ ಎಷ್ಟು ಬರುತ್ತಿತ್ತೋ! ಪಟ್ಟಿ ಅಳೆಯುವುದು ಈಗಾಗಲೇ ಇರುವ ದಾರಿಯನ್ನು. ಹೊಸ ದಾರಿ ಕಡಿಯುವವರು ಅದಕ್ಕೆ ಸಿಗುವುದಿಲ್ಲ.

ಆದರೆ ಸ್ವಂತವಾಗಿ ಕಲಿತವರೆಲ್ಲ ಮಾಲಿ ಆಗುವುದಿಲ್ಲ. ನಮ್ಮಲ್ಲಿ ಹೆಚ್ಚಿನವರು ಸಂಜೆ ಕೆಲಸ ಮುಗಿಸಿ ಬಂದು ಒಂದು ಗಂಟೆ ವಾದ್ಯದ ಮುಂದೆ ಕೂರುವವರು. ತಾನ್‌ಸೇನರನ್ನು ಮಾಡಲಾಗದಿದ್ದರೂ ಕಾನ್‌ಸೇನರನ್ನು ಮಾಡಬಹುದು ಎಂಬ ಹಳೆಯ ಮಾತು ಹಿಂದೂಸ್ತಾನಿ ವಲಯದಲ್ಲಿದೆ. ಒಳ್ಳೆಯ ಕಿವಿಯ ಕೇಳುಗರು ಎಂದು ಅದರ ಅರ್ಥ. ನನ್ನ ಪರೀಕ್ಷೆ ನನಗೆ ಕೊಟ್ಟದ್ದೂ ಅದನ್ನೇ: ನನ್ನ ಎಡಗೈಯನ್ನು ನಾನೇ ಕೇಳಿಸಿಕೊಳ್ಳುವ ಕಿವಿ. ಆರನೆಯ ಗ್ರೇಡಿಗೆ ಕಟ್ಟುವ ಮೊದಲು ಐದನೆಯ ಗ್ರೇಡಿನ ಸಿದ್ಧಾಂತ ಪರೀಕ್ಷೆ ಮುಗಿಸಬೇಕೆಂದುಕೊಂಡಿದ್ದೇನೆ. ಸದ್ಯ ಮೇಜಿನ ಮೇಲಿರುವುದು ಅದರ ಪುಸ್ತಕ. ಎಡಗೈ ಸರಿಮಾಡಿಸಿಕೊಳ್ಳಲು ತಿಂಗಳಿಗೊಮ್ಮೆ ಬೆಂಗಳೂರಿನ ಒಬ್ಬ ಹಿರಿಯರ ಬಳಿ ಹೋಗುತ್ತಿದ್ದೇನೆ. ಗುರುವನ್ನು ಹುಡುಕಿಕೊಳ್ಳಲು ನನಗೆ ದಾರಿ ತೋರಿಸಿದ್ದು ಗುರುವಿನ ಹೆಸರು ಕೇಳದ ಆ ಪರೀಕ್ಷೆಯೇ.